ಹಳೆಯ ಮಿಲಿಟರಿ ಲಾರಿಗಳಿಗೂ ವಿಂಟೇಜ್ ಮಾನ್ಯತೆ ಸಿಗಲಿ

ಸಂಪಾದಕರಿಗೆ,

ಮಾನ್ಯರೇ,

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಗ್ಯಾರೇಜುಗಳ ಎದುರು, ತೋಟಗಳ ಬದಿಯಲ್ಲಿ ನಿಂತಿರುವ ಹಳೆಯ ಮಿಲಿಟರಿ ಲಾರಿಗಳನ್ನೆಲ್ಲ ಸಾರಿಗೆ ಇಲಾಖೆ ವಶಪಡಿಸಿಕೊಂಡು ಗುಜರಿಗೆ ಹಾಕಬೇಕೆಂದು ಓದುಗರೊಬ್ಬರು ಕಳೆದ ವಾರ ಇದೇ ಅಂಕಣದಲ್ಲಿ ಒತ್ತಾಯಿಸಿದ್ದರು. ಅಂತಹ ಲಾರಿಯೊಂದರ ಮಾಲೀಕನಾಗಿ, ಅದರ ದುರಸ್ತಿಯ ಕಷ್ಟಸುಖ ಬಲ್ಲವನಾಗಿ ಈ ಉತ್ತರ ಬರೆಯುತ್ತಿದ್ದೇನೆ. ಅವರ ದೂರಿನಲ್ಲಿ ಅರ್ಧದಷ್ಟು ನ್ಯಾಯವಿದೆ ಎಂಬುದನ್ನು ಮೊದಲೇ ಒಪ್ಪುತ್ತೇನೆ. ರಸ್ತೆಯ ಅಂಚಿನಲ್ಲಿ ಎಣ್ಣೆ ಸೋರುತ್ತ, ಟಯರು ಕುಸಿದು, ಬಳ್ಳಿ ಹಬ್ಬಿ ನಿಂತ ಲಾರಿ ಯಾರಿಗೂ ಶೋಭೆಯಲ್ಲ, ಶಾಲೆಗೆ ನಡೆದು ಹೋಗುವ ಮಕ್ಕಳಿಗೆ ಅಪಾಯವೂ ಹೌದು. ಆದರೆ ಅದಕ್ಕೆ ಹೊಸ ಕಾನೂನು ಬೇಕಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆಗೂ ಮೀರಿ ಕೇಳುವವರಿಲ್ಲದೆ ಬಿಟ್ಟ ವಾಹನವನ್ನು ಎಳೆದೊಯ್ಯಲು ಮೋಟಾರು ವಾಹನ ಕಾಯ್ದೆಯ 127ನೇ ಕಲಮು ಪೊಲೀಸರಿಗೆ ಈಗಾಗಲೇ ಅಧಿಕಾರ ಕೊಟ್ಟಿದೆ, ಅದು ಜಾರಿಯಾದರೆ ಸಾಕು. ಸ್ವಂತ ಜಾಗದಲ್ಲಿ, ಮಾಡಿನಡಿ, ಕಾಗದಪತ್ರ ಸರಿಯಾಗಿ ಇಟ್ಟುಕೊಂಡ ಲಾರಿಗಳನ್ನೂ ಅದೇ ರಾಶಿಗೆ ಸೇರಿಸಬೇಕೆಂಬ ಮಾತಿಗೆ ಮಾತ್ರ ನನ್ನ ವಿರೋಧವಿದೆ.

ಈ ಲಾರಿಗಳು ಹಾಳಾಗುತ್ತಿರುವುದಕ್ಕೆ ಮಾಲೀಕರ ಉದಾಸೀನ ಒಂದು ಕಾರಣವಾದರೆ, ಇಂತಹ ವಾಹನವನ್ನು ಬಾಡಿಗೆಗಲ್ಲದೆ, ಸಂರಕ್ಷಣೆಗೆಂದೇ ಇಟ್ಟುಕೊಳ್ಳುವವನಿಗೆ ನಮ್ಮ ನೋಂದಣಿ ನಿಯಮಗಳಲ್ಲಿ ಜಾಗವೇ ಇಲ್ಲದಿರುವುದು ಅದಕ್ಕಿಂತ ದೊಡ್ಡ ಕಾರಣ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಮೋಟಾರು ವಾಹನ ನಿಯಮಗಳಿಗೆ 81ಎ ಮತ್ತು ಅದರ ಮುಂದಿನ ನಿಯಮಗಳನ್ನು ಸೇರಿಸಿ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದ ವಾಹನಗಳಿಗೆ ವಿಂಟೇಜ್ ಎಂಬ ಮಾನ್ಯತೆ ಕೊಟ್ಟಿತು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ, ಹತ್ತು ವರ್ಷಗಳ ಅವಧಿ, ಸಂಖ್ಯೆಯಲ್ಲಿ ‘ವಿಎ’ ಎಂಬ ಗುರುತು. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಂತಹ ಕಾರಣಗಳಿಗಷ್ಟೇ ರಸ್ತೆಗಿಳಿಸಬೇಕೆಂಬ ನಿರ್ಬಂಧವೂ ಉಂಟು. ವ್ಯವಸ್ಥೆ ಒಳ್ಳೆಯದೇ. ಆದರೆ ಅದು ಅನ್ವಯವಾಗುವುದು ವಾಣಿಜ್ಯೇತರ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಮಾತ್ರ. ಸರಕು ಸಾಗಣೆಯ ವಾಹನವೆಂದು ದಾಖಲಾದ ಲಾರಿ ಎಷ್ಟೇ ಹಳೆಯದಾದರೂ, ಎಷ್ಟೇ ಚೆನ್ನಾಗಿದ್ದರೂ ಹೊರಗೇ ಉಳಿಯುತ್ತದೆ. ಹಾಗೆ ಹೊರಗುಳಿದದ್ದು ದಿನಾಲೂ ಜಲ್ಲಿ ಹೊರುವ ಲಾರಿಯಂತೆಯೇ ವರ್ಷವರ್ಷವೂ ಎಫ್‌ಸಿಗೆ, ಅಂದರೆ ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರಕ್ಕೆ, ಹೋಗಬೇಕು, ಪರ್ಮಿಟ್ಟಿನ ಪ್ರಶ್ನೆಗೆ ಉತ್ತರಿಸಬೇಕು. ಹದಿನೈದು ವರ್ಷ ದಾಟಿದ ಭಾರಿ ವಾಹನದ ಎಫ್‌ಸಿ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 12,500 ರೂಪಾಯಿಗೂ ಮಧ್ಯಮ ವಾಹನದ್ದನ್ನು 10,000 ರೂಪಾಯಿಗೂ ಏರಿಸಲಾಯಿತು. ಒಂದು ರೂಪಾಯಿ ಬಾಡಿಗೆ ದುಡಿಯದ ಗಾಡಿಗೆ ಇಷ್ಟು ಸುರಿಯಲಾರದೆ ಮಾಲೀಕರು ಎಫ್‌ಸಿ ಬಿಡುತ್ತಾರೆ. ಎಫ್‌ಸಿ ಇಲ್ಲದ ಗಾಡಿ ಮಾಡಿನಡಿಯಿಂದ ಹೊರಬರುವುದಿಲ್ಲ, ಓಡದ ಗಾಡಿ ಎರಡು ಮಳೆಗಾಲದಲ್ಲಿ ಕೆಡುತ್ತದೆ, ಮೂರನೆಯ ವರ್ಷ ಗುಜರಿಯವನು ತೂಕದ ಲೆಕ್ಕದಲ್ಲಿ ಕೊಂಡೊಯ್ಯುತ್ತಾನೆ.

ಹೋದರೆ ಹೋಗಲಿ ಎನ್ನುವವರಿಗೆ ಈ ಗಾಡಿಗಳ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದು ಜಿಲ್ಲೆಯ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಏದುಸಿರು ಬಿಡುತ್ತ ಓಡಿದ್ದನ್ನು ಹಿರಿಯರು ಹೇಳುವುದನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಯುದ್ಧ ಮುಗಿದೊಡನೆ ಸೈನ್ಯಗಳು ಇಲ್ಲೇ ಬಿಟ್ಟುಹೋದ ವಾಹನಗಳು ಹರಾಜಿಗೆ ಬಂದವು. ಜಿಎಂಸಿಯ ಎರಡೂವರೆ ಟನ್ನಿನ ಲಾರಿಗಳನ್ನು ಯುದ್ಧಕಾಲದಲ್ಲಿ ಅಮೆರಿಕ ಐದು ಲಕ್ಷಕ್ಕೂ ಮಿಕ್ಕಿ ತಯಾರಿಸಿತ್ತು. ಅವುಗಳ ಜೊತೆಗೆ ಕೆನಡಾ ಮಾದರಿಯ ಷೆವರ್ಲೆ, ಫೋರ್ಡ್ ಲಾರಿಗಳು, ಡಾಜ್, ವಿಲ್ಲೀಸ್ ಜೀಪು ಇವೆಲ್ಲ ‘ಡಿಸ್ಪೋಸಲ್ ಗಾಡಿ’ ಎಂಬ ಹೆಸರಿನಲ್ಲಿ ದೇಶದ ಮೂಲೆಮೂಲೆ ಸೇರಿದವು. ಘಟ್ಟದ ತಪ್ಪಲಿನಲ್ಲಿ ದಾರಿಯೇ ಇಲ್ಲದ ಕಡೆಯಿಂದ ಮರದ ದಿಮ್ಮಿ ಇಳಿಸಲು ಎಲ್ಲ ಚಕ್ರಗಳಿಗೂ ಬಲವಿರುವ ಇಂತಹ ಗಾಡಿಗಳಿಗೆ ಸಾಟಿ ಇರಲಿಲ್ಲ. ಆ ಪೀಳಿಗೆಯವು ಈಗ ನಮ್ಮ ಕಡೆ ಕಾಣಸಿಗುವುದೇ ಅಪರೂಪ.

ಇಂದು ಕಾಣುವುದು ಹೆಚ್ಚಾಗಿ ಜಬಲ್‌ಪುರದವು. ವಿ.ಕೆ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದಾಗ, ಸೇನೆಯ ಲಾರಿ ದೇಶದೊಳಗೇ ತಯಾರಾಗಬೇಕೆಂಬ ಹಟದಿಂದ, ಜರ್ಮನಿಯ ಮಾನ್ ಕಂಪೆನಿಯ ಪರವಾನಗಿ ಪಡೆದು ಜಬಲ್‌ಪುರದ ಸರಕಾರಿ ಕಾರ್ಖಾನೆಯಲ್ಲಿ ಶುರುವಾದದ್ದು ಶಕ್ತಿಮಾನ್. 1950ರ ದಶಕದ ಕೊನೆಗೆ ಆರಂಭವಾದ ಅದರ ತಯಾರಿಕೆ 1996ರವರೆಗೆ ನಡೆಯಿತು. 1962, 1965, 1971ರ ಯುದ್ಧಗಳಿಗೆ ಜವಾನರನ್ನೂ ಮದ್ದುಗುಂಡನ್ನೂ ಅಕ್ಕಿಬೇಳೆಯನ್ನೂ ಹೊತ್ತದ್ದು ಅದೇ ಲಾರಿ. ಜಪಾನಿನ ನಿಸ್ಸಾನ್ ಪರವಾನಗಿಯ ಒಂದು ಟನ್ನಿನ ಗಾಡಿ ಮತ್ತು ಜೋಂಗಾ ಎಂಬ ಜೀಪಿನಂತಹ ಗಾಡಿ ಕೂಡ ಅದೇ ಊರಿನವು. ಆಮೇಲೆ ಬಂದ ಅಶೋಕ್ ಲೇಲ್ಯಾಂಡ್ ಸ್ಟಾಲಿಯನ್ ಈಗಲೂ ಸೇನೆಯ ದುಡಿಮೆಯಲ್ಲಿದೆ. ನಮ್ಮದೇ ರಾಜ್ಯದ ಬಿಇಎಂಎಲ್ 1986ರ ಒಪ್ಪಂದದ ಮೇಲೆ ಚೆಕ್ ಮೂಲದ ಟಾಟ್ರಾ ಲಾರಿಗಳನ್ನು ಸೇನೆಗೆ ಕೊಟ್ಟಿತು. ಚಾಸಿಯ ಬದಲು ನಡುವೆ ಒಂದೇ ಉಕ್ಕಿನ ಕೊಳವೆ, ಗಾಳಿಯಿಂದಲೇ ತಣಿಯುವ ಎಂಜಿನ್ ಇರುವ ಆ ಗಾಡಿಯ ಮಾತೇ ಬೇರೆ, ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವೆನೆಂಬವರಿಗೆ ನಾನು ಬುದ್ಧಿ ಹೇಳಲಾರೆ. ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯನ್ನು ನಿಲ್ಲಿಸಿ ಮಕ್ಕಳಿಗೆ ತೋರಿಸುತ್ತೇವೆ; ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹ ನೋಡಲು ಜನ ಸಾಲುಗಟ್ಟುತ್ತಾರೆ. ಸೈನ್ಯದ ಅನ್ನ ಹೊತ್ತ ಲಾರಿಗೆ ಮಾತ್ರ ಕಾನೂನಿನಲ್ಲಿ ಗುಜರಿಯ ದಾರಿಯೊಂದೇ ತೆರೆದಿದೆ.

ಹೊಸದಾಗಿ ಕೊಳ್ಳಲು ಹೊರಟ ಯುವಕರಿಗೂ ಇಲ್ಲಿ ಎರಡು ಮಾತು ಹೇಳಬೇಕು, ಏಕೆಂದರೆ ರಸ್ತೆಬದಿಯಲ್ಲಿ ಅನಾಥವಾಗಿ ನಿಲ್ಲುವ ಲಾರಿಗಳಲ್ಲಿ ಹೆಚ್ಚಿನವು ಕಾಗದ ನೋಡದೆ ಕೊಂಡವು. ಸೇನೆಯ ವಾಹನ ಸೇನೆಯ ಸ್ವತ್ತಾಗಿರುವಷ್ಟು ಕಾಲ ಆರ್‌ಟಿಒ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ಕಾಯ್ದೆಯ 60ನೇ ಕಲಮಿನಡಿ ಅದಕ್ಕೆ ಬೇರೆಯೇ ನೋಂದಣಿ, ಮೇಲ್ಮುಖ ಬಾಣದ ಗುರುತಿರುವ ಬೇರೆಯೇ ಸಂಖ್ಯೆ. ಹರಾಜಿನಲ್ಲಿ ಕೊಂಡವನು ಅದನ್ನು ತನ್ನ ಹೆಸರಿಗೆ ನೋಂದಾಯಿಸಲು 47ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯ ಅಧಿಕಾರಿ ಸಹಿ ಮಾಡಿದ ಫಾರಂ 21, ಅಂದರೆ ಮೂಲ ಮಾರಾಟ ಪ್ರಮಾಣಪತ್ರ, ಇರಲೇಬೇಕು. ಗುಜರಿಯಾಗಿ ಮಾರಿದ ಗಾಡಿಗೆ ಅದು ಸಿಗುವುದಿಲ್ಲ. ಪಂಜಾಬ್, ಹರಿಯಾಣ ಕಡೆಯ ವ್ಯಾಪಾರಿಗಳು ಹರಾಜಿನ ಗಾಡಿಗೆ ಬಣ್ಣ ಬಳಿದು, ‘ಕಾಗದ ಆಮೇಲೆ ಕಳುಹಿಸುತ್ತೇವೆ’ ಎಂದು ಟ್ರೇಲರಿನಲ್ಲಿ ಹೇರಿ ಕಳುಹಿಸಿದರೆ, ಬಂದಿಳಿದದ್ದು ಲಾರಿಯ ಆಕಾರದ ಕಬ್ಬಿಣ ಮಾತ್ರ. ಸೈನಿಕನ ಗುರುತಿನ ಚೀಟಿಯ ಚಿತ್ರ ಕಳುಹಿಸಿ, ‘ವರ್ಗಾವಣೆಯಾಗಿದೆ, ಅಗ್ಗಕ್ಕೆ ಕೊಡುತ್ತೇನೆ’ ಎಂದು ಮುಂಗಡ ಕೇಳುವ ವಂಚಕರ ಬಗ್ಗೆ ಪೊಲೀಸರು ಎಚ್ಚರಿಸುತ್ತಲೇ ಬಂದಿದ್ದಾರೆ. ಸೇನೆಯ ಲಾರಿಯನ್ನು ಯಾವ ಸೈನಿಕನೂ ತಾನಾಗಿ ಮಾರಲಾರ. ಅದು ಡಿಪೋದಿಂದ, ಹರಾಜಿನ ಮೂಲಕವೇ ಹೊರಬರಬೇಕು. 2023ರ ಏಪ್ರಿಲ್ 1ರಿಂದ, ರಕ್ಷಣಾ ಕಾರ್ಯಾಚರಣೆಯ ವಿಶೇಷ ವಾಹನಗಳನ್ನು ಬಿಟ್ಟು, 15 ವರ್ಷ ತುಂಬಿದ ಸರಕಾರಿ ವಾಹನಗಳ ನೋಂದಣಿ ರದ್ದಾಗಿ ಅವು ಅಧಿಕೃತ ಗುಜರಿ ಕೇಂದ್ರಕ್ಕೆ ಹೋಗಬೇಕೆಂಬ ನಿಯಮವೂ ಬಂದಿದೆ. ಹಾಗಾಗಿ ಹಳೆಯ ಸರಕಾರಿ ಗಾಡಿ ಖಾಸಗಿಯವರ ಕೈಗೆ ಬರುವ ದಾರಿ ಕಿರಿದಾಗುತ್ತಲೇ ಹೋಗಲಿದ್ದು, ಈಗ ಕೈಯಲ್ಲಿರುವ ಗಾಡಿಗಳ ಬೆಲೆ ಅಷ್ಟರಮಟ್ಟಿಗೆ ಹೆಚ್ಚುತ್ತದೆ.

ಕೊಂಡ ಮೇಲೆ ಅದನ್ನು ನಮ್ಮ ಕರಾವಳಿಯಲ್ಲಿ ಉಳಿಸಿಕೊಳ್ಳುವುದು ಎಂತಹ ಕೆಲಸವೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ‘ನಿಂತ ಗಾಡಿಗೆ ಖರ್ಚೇನು’ ಎಂಬ ತಪ್ಪು ಕಲ್ಪನೆ ಅಧಿಕಾರಿಗಳಲ್ಲೂ ಇದೆ. ರಾಜಸ್ಥಾನದ ಮರಳಿಗೂ ಲಡಾಖಿನ ಹಿಮಕ್ಕೂ ಹೆದರದ ಈ ಲಾರಿಗಳನ್ನು ಮಲ್ಪೆಯ ಉಪ್ಪುಗಾಳಿ ಸದ್ದಿಲ್ಲದೆ ತಿನ್ನುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ ತುಕ್ಕು ಹೊರಗಿನ ತಗಡಿನಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಒಳಗೆ ಅದರ ಕೆಲಸ ಮುಗಿದಿರುತ್ತದೆ. ಚಾಸಿಗೆ ಬಲ ಕೊಡಲು ಎರಡು ಪದರ ಉಕ್ಕು ಜೋಡಿಸಿದ ಕಡೆ, ಬಾಡಿಯ ಅಡ್ಡಪಟ್ಟಿಗಳ ಒಳಗೆ, ಸ್ಪ್ರಿಂಗ್ ಪ್ಲೇಟುಗಳ ನಡುವೆ ನೀರು ಕೂತು, ಕೆಂಪು ಮಣ್ಣು ಅದನ್ನು ಒಣಗಲು ಬಿಡದೆ ಹಿಡಿದಿಡುತ್ತದೆ. ಮಳೆಗಾಲಕ್ಕೆ ಮೊದಲು ಅಡಿಭಾಗವನ್ನು ಒತ್ತಡದ ನೀರಿನಿಂದ ಒಳಗಿನಿಂದ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ನೀರಿನ ತೂತುಗಳ ಕೆಸರು ಬಿಡಿಸಿ, ಅನಂತರವೇ ತುಕ್ಕುನಿರೋಧಕ ಬಳಿಯಬೇಕು. ಒದ್ದೆಯ ಮೇಲೆ ಬಳಿದರೆ ತುಕ್ಕನ್ನು ಒಳಗೆ ಮುಚ್ಚಿಟ್ಟು ಸಾಕಿದಂತೆ. ದೋಣಿಗೆ ಹಚ್ಚುವ ಗೇರುಬೀಜದ ಸಿಪ್ಪೆಯ ಎಣ್ಣೆ ಬಾಡಿಯ ಮರದ ಹಲಗೆಗಳಿಗೆ ಒಳ್ಳೆಯ ರಕ್ಷಣೆ, ಗೆದ್ದಲೂ ಹತ್ತಿರ ಸುಳಿಯುವುದಿಲ್ಲ. ಆದರೆ ಕೈಗೆ ತಗಲಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ, ಹೊಗೆಕೊಳವೆಯ ಹತ್ತಿರ ಅದನ್ನು ಬಳಿಯಲೂ ಬಾರದು. (ಅದೇ ಎಣ್ಣೆಯಿಂದ ಮಾಡಿದ ಪುಡಿ ಲಾರಿಗಳ ಬ್ರೇಕ್ ಲೈನಿಂಗಿನೊಳಗೂ ಸೇರುತ್ತದೆಂಬುದು ನಮ್ಮ ಗೇರು ಕಾರ್ಖಾನೆಗಳ ಊರಿನಲ್ಲೇ ಹಲವರಿಗೆ ತಿಳಿಯದು.)

ಓಡಿಸದೆ ಇಡುವವರು ‘ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡುತ್ತೇವೆ’ ಎಂದು ಹೆಮ್ಮೆಯಿಂದ ಹೇಳುವುದುಂಟು. ಅದಕ್ಕಿಂತ ಸ್ಟಾರ್ಟ್ ಮಾಡದಿರುವುದೇ ಮೇಲು. ಎಂಜಿನ್ ಪೂರ್ತಿ ಕಾಯದೆ ನಿಲ್ಲಿಸಿದರೆ ಉರಿಯುವಾಗ ಹುಟ್ಟಿದ ನೀರಾವಿ ಹೊರಗೆ ಹೋಗದೆ ಎಣ್ಣೆಯಲ್ಲೂ ಸೈಲೆನ್ಸರಿನಲ್ಲೂ ಉಳಿದು ಒಳಗಿನಿಂದ ಕೊರೆಯುತ್ತದೆ. ಗೇರ್ ಬಾಕ್ಸ್, ಹೌಸಿಂಗ್‌ಗಳ (ಆಕ್ಸಲಿನ ನಡುವಿನ ಗೇರುಗಳ ಗುಂಡಗಿನ ಪೆಟ್ಟಿಗೆ) ಒಳಗಿನ ಎಣ್ಣೆ ನಿಂತಲ್ಲಿ ಅಲುಗಾಡುವುದೂ ಇಲ್ಲ, ಸೀಲುಗಳ ರಬ್ಬರು ಒಣಗಿ ಬಿರುಕು ಬಿಡುತ್ತದೆ. ತಿಂಗಳಿಗೊಮ್ಮೆಯಾದರೂ ಬಿಸಿಯೇರುವಷ್ಟು ದೂರ ಓಡಿಸಲೇಬೇಕು, ಮತ್ತು ಎಫ್‌ಸಿ ಇಲ್ಲದ ಗಾಡಿಗೆ ಕಾನೂನು ನಿರಾಕರಿಸುವುದು ಇದನ್ನೇ. ಡೀಸೆಲ್ ಟ್ಯಾಂಕನ್ನು ಮಳೆಗಾಲದಲ್ಲಿ ಅರ್ಧ ಖಾಲಿ ಬಿಟ್ಟರೆ ಒಳಗಿನ ತೇವದ ಗಾಳಿ ರಾತ್ರಿಯ ತಂಪಿಗೆ ನೀರಾಗಿ ತಳ ಸೇರುತ್ತದೆ, ಅಲ್ಲಿಂದ ಪಂಪಿಗೆ, ನೋಜಲಿಗೆ. ಟ್ಯಾಂಕು ತುಂಬಿಸಿಟ್ಟು, ಫಿಲ್ಟರಿನ ಬುಡದ ನೀರನ್ನು ಆಗಾಗ ಬಿಡುತ್ತಿರಬೇಕು. ಪೆಟ್ರೋಲಿನ ಜೋಂಗಾ ಮತ್ತು ಒಂದು ಟನ್ನಿನ ನಿಸ್ಸಾನ್ ಮಾಲೀಕರ ಪಾಡು ಇನ್ನೂ ಬಿಗಿ. ಹತ್ತಿರ ಹತ್ತಿರ ನಾಲ್ಕು ಲೀಟರಿನ ಆ ಆರು ಸಿಲಿಂಡರ್ ಎಂಜಿನ್ನಿನ ಹಸಿವು ಒಂದು ಕಡೆ, ಈಗಿನ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಇನ್ನೊಂದು ಕಡೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಂಡು ನೀರಾಗಿ ಬೇರ್ಪಡುತ್ತದೆ, ಹಳೆಯ ರಬ್ಬರ್ ಪೈಪನ್ನೂ ಪಂಪಿನ ಡಯಾಫ್ರಾಮ್ ಎಂಬ ತೆಳು ಪದರವನ್ನೂ ಮೆತ್ತಗೆ ಮಾಡುತ್ತದೆ. ಎಥನಾಲ್ ತಾಳುವ ಪೈಪುಗಳನ್ನು ಹಾಕಿಸಿ, ಮಳೆಗಾಲಕ್ಕೆ ಗಾಡಿ ನಿಲ್ಲಿಸುವ ಮೊದಲು ಕಾರ್ಬ್ಯುರೇಟರನ್ನು ಖಾಲಿ ಮಾಡುವುದು ಸದ್ಯಕ್ಕಿರುವ ದಾರಿ. ಹೈಡ್ರಾಲಿಕ್ ಬ್ರೇಕಿನ ಎಣ್ಣೆಯೂ ತೇವ ಹೀರುವ ಜಾತಿಯದೇ ಆದುದರಿಂದ ಅದನ್ನು ಬಣ್ಣ ನೋಡಿ ಅಲ್ಲ, ವರ್ಷ ನೋಡಿ ಬದಲಾಯಿಸಬೇಕು. ಏರ್ ಬ್ರೇಕಿನ ಗಾಡಿಯಾದರೆ ಗಾಳಿಯ ಟ್ಯಾಂಕಿಯಲ್ಲಿ ಕೂತ ನೀರನ್ನು ಓಡಿಸಿದ ದಿನವೇ ಬಿಡಬೇಕು.

ಜೀವಕ್ಕೇ ಎರವಾಗುವ ಎರಡು ಸಂಗತಿಗಳನ್ನು ಪ್ರತ್ಯೇಕವಾಗಿ ಹೇಳುತ್ತೇನೆ. ಮಿಲಿಟರಿ ಗಾಡಿಗಳ ಚಕ್ರದ ರಿಮ್ಮು ಹಲವು ಬಾರಿ ಎರಡು ಹೋಳಾಗಿದ್ದು, ಸುತ್ತ ಬೋಲ್ಟುಗಳಿಂದ ಬಿಗಿದಿರುತ್ತದೆ. ಈ ಬೋಲ್ಟುಗಳಿಗೂ ಚಕ್ರವನ್ನು ಹಬ್ಬಿಗೆ ಹಿಡಿದ ಬೋಲ್ಟುಗಳಿಗೂ ವ್ಯತ್ಯಾಸ ತಿಳಿಯದ ಪಂಕ್ಚರ್ ಅಂಗಡಿಯ ಹುಡುಗ ಗಾಳಿ ತುಂಬಿರುವಾಗಲೇ ರಿಮ್ಮಿನ ಬೋಲ್ಟು ಸಡಿಲಿಸಿದರೆ ಹೋಳು ಗುಂಡಿನಂತೆ ಹಾರುತ್ತದೆ. ವಾಲ್ವಿನ ಪಿನ್ನನ್ನೇ ತೆಗೆದು ಗಾಳಿ ಪೂರ್ತಿ ಹೋದದ್ದನ್ನು ಖಚಿತಪಡಿಸಿಕೊಂಡ ಮೇಲಷ್ಟೇ ಸ್ಪ್ಯಾನರು ಮುಟ್ಟಬೇಕು. ಟಯರನ್ನು ಉಕ್ಕಿನ ಬಳೆಯಿಂದ ಹಿಡಿದಿಡುವ ಲಾಕ್ ರಿಂಗಿನ ಚಕ್ರಕ್ಕೆ ಗಾಳಿ ತುಂಬುವಾಗ ಕಬ್ಬಿಣದ ಪಂಜರದೊಳಗೆ ಇಟ್ಟು ದೂರ ನಿಂತು ತುಂಬಬೇಕು. ಮಾಲೀಕನಾದವನು ರಿಮ್ಮಿನ ಬೋಲ್ಟುಗಳಿಗೆ ಬೇರೆ ಬಣ್ಣ ಬಳಿದಿಡುವುದು ಅವನ ಕರ್ತವ್ಯವೆಂದೇ ನಾನು ಭಾವಿಸುತ್ತೇನೆ. ಟಯರಿನ ಹಲ್ಲು ಪೂರ್ತಿ ಇದ್ದರೂ ಬದಿಯ ಗೋಡೆಯಲ್ಲಿ ಕೂದಲೆಳೆಯ ಬಿರುಕಿದ್ದರೆ ಅದು ಸತ್ತ ಟಯರು, ತಯಾರಾದ ವಾರ ಮತ್ತು ವರ್ಷವನ್ನು ಹೇಳುವ ನಾಲ್ಕಂಕಿ ಅದರ ಮೇಲೆಯೇ ಅಚ್ಚಾಗಿರುತ್ತದೆ. ಇನ್ನೊಂದು ಅಪಾಯ ಹಳೆಯ ಬ್ರೇಕ್ ಲೈನಿಂಗಿನದು. ಆ ಕಾಲದ ದಾಸ್ತಾನಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವುದು ಸಾಮಾನ್ಯ. ಡ್ರಮ್ಮು ಬಿಚ್ಚಿದೊಡನೆ ಕಂಪ್ರೆಸರಿನ ಗಾಳಿಯಿಂದ ಧೂಳು ಹಾರಿಸುವ ನಮ್ಮ ಗ್ಯಾರೇಜುಗಳ ಅಭ್ಯಾಸ ಅಲ್ಲಿ ದುಡಿಯುವ ಹುಡುಗರ ಶ್ವಾಸಕೋಶಕ್ಕೆ ವಿಷವಿಕ್ಕಿದಂತೆ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಲು ಹೆಚ್ಚು ಹೊತ್ತು ಬೇಕಿಲ್ಲ.

ಓಡಿಸುವ ಕ್ರಮದಲ್ಲೂ ಗಾಡಿ ಹಾಳಾಗುವುದುಂಟು. ಮುಂದಿನ ಚಕ್ರಗಳಿಗೂ ಬಲ ಕೊಡುವ ಲಿವರನ್ನು ಒಣ ಟಾರು ರಸ್ತೆಯಲ್ಲಿ ಹಾಕಿ ಮೆರೆಯುವವರಿದ್ದಾರೆ. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಬೇರೆ ಬೇರೆ ದೂರ ಕ್ರಮಿಸುತ್ತವೆ. ಕೆಸರಿನಲ್ಲಾದರೆ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಟಾರಿನಲ್ಲಿ ಜಾರಲಾಗದೆ ಶಾಫ್ಟು ಮತ್ತು ಗೇರುಗಳಲ್ಲಿ ತಿರುಚು ಕಟ್ಟಿಕೊಂಡು ಲಿವರು ಹೊರಬರುವುದೇ ಇಲ್ಲ. ಆಗ ಸುತ್ತಿಗೆ ಹುಡುಕುವ ಬದಲು ಸ್ವಲ್ಪ ಹಿಂದಕ್ಕೆ ಓಡಿಸಿದರೆ ತಾನಾಗಿ ಬಿಡುತ್ತದೆ. ವಿದ್ಯುತ್ತಿನ ವಿಷಯದಲ್ಲಿ, 24 ವೋಲ್ಟಿನ ಗಾಡಿಯ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ವೈರೆಳೆದು ಹಾಡಿನ ಪೆಟ್ಟಿಗೆ ಹಾಕಿಸಿದರೆ ಎರಡೂ ಬ್ಯಾಟರಿ ಬೇಗ ಸಾಯುತ್ತವೆ ಎಂಬಷ್ಟು ಹೇಳಿದರೆ ಸಾಕು.

ಬಿಡಿಭಾಗ ಸಿಗುವುದಿಲ್ಲ ಎಂಬುದು ಅರ್ಧ ಸತ್ಯ. ಬೇರಿಂಗಿನ ಮೇಲೆ ಕೊರೆದ ಸಂಖ್ಯೆ ಲೋಕಕ್ಕೆಲ್ಲ ಒಂದೇ. ತುಕ್ಕು ಒರೆಸಿ ಸಂಖ್ಯೆ ಓದಿಕೊಂಡು ಮಂಗಳೂರಿನ ಬಂದರಿನ ಬೇರಿಂಗ್ ಅಂಗಡಿಗೆ ಹೋದರೆ ‘ಶಕ್ತಿಮಾನ್‌ನದ್ದು’ ಎಂದು ಹೇಳುವ ಅಗತ್ಯವೇ ಬೀಳದು. ಎಣ್ಣೆ ಸೀಲಿಗೆ ಒಳಸುತ್ತು, ಹೊರಸುತ್ತು, ದಪ್ಪ ಈ ಮೂರು ಅಳತೆ ಸಾಕು. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೊ ಕಂಪೆನಿ ದಶಕಗಳ ಕಾಲ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಷನ್ ಪಂಪು ತಯಾರಿಸಿದ್ದರಿಂದ ಹಳೆಯ ಮಾದರಿಯ ಪಂಪನ್ನು ಬಿಚ್ಚಿ ಹೊಂದಿಸಬಲ್ಲ ಕೈಗಳು ನಮ್ಮ ಊರಿನಲ್ಲಿ ಇನ್ನೂ ಇವೆ. ಮಲ್ಪೆ ಮತ್ತು ಮಂಗಳೂರಿನ ದಕ್ಕೆಗಳಂತೂ ಈ ಹವ್ಯಾಸದವರಿಗೆ ವರ. ಟ್ರಾಲ್ ಬೋಟುಗಳಲ್ಲಿ ಲೇಲ್ಯಾಂಡ್ ಎಂಜಿನ್ ಬಿಚ್ಚಿ ಕೂಡಿಸಿ ಪಳಗಿದ ಮೆಕ್ಯಾನಿಕರಿಗೆ ಸ್ಟಾಲಿಯನ್‌ನ ಎಂಜಿನ್ ಹೊಸತೆನಿಸುವುದಿಲ್ಲ. ಬೋಟಿನ ಶಾಫ್ಟಿಗೆ ಗನ್‌ಮೆಟಲ್ ಬುಷ್ ಕಡೆಯುವ ಲೇತಿನವರು ಲಾರಿಯ ಮುಂದಿನ ಚಕ್ರ ತಿರುಗಲು ಆಧಾರವಾದ ಕಿಂಗ್ ಪಿನ್ನಿನ ಬುಷ್ಷನ್ನೂ ಅಷ್ಟೇ ನಿಖರವಾಗಿ ಕಡೆದುಕೊಡುತ್ತಾರೆ, ಹಳೆಯ ಪಿನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬೇಕಷ್ಟೆ. ನಿಜವಾಗಿ ಕಷ್ಟವಾಗುವುದು ಮುಂದಿನ ಆಕ್ಸಲಿನ ತಿರುಗುವ ಜಾಯಿಂಟುಗಳು, ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಪೆಟ್ಟಿಗೆಯ ಗೇರುಗಳು ಮತ್ತು ಹೌಸಿಂಗ್ ಒಳಗಿನ ಕ್ರೌನ್ ಪಿನಿಯನ್ ಗೇರುಗಳು. ಇವು ಸೇನೆಯ ಗಾಡಿಗೆಂದೇ ತಯಾರಾದಂಥವು. ಅವುಗಳಿಗಾಗಿ ಬೆಂಗಳೂರಿನ ಶಿವಾಜಿನಗರದಿಂದ ದೆಹಲಿಯ ಮಾಯಾಪುರಿಯವರೆಗಿನ ಗುಜರಿ ಅಂಗಡಿಗಳಿಗೆ ಫೋನು ತಿರುಗಿಸಬೇಕಾಗುತ್ತದೆ. ಜಿಲ್ಲೆಯ ಲಾರಿಗಳನ್ನೆಲ್ಲ ಒಮ್ಮೆಗೇ ಗುಜರಿಗೆ ಹಾಕಿದರೆ ಈ ಭಾಗಗಳ ಕೊನೆಯ ದಾಸ್ತಾನೂ ಅವುಗಳೊಂದಿಗೇ ಕರಗಿಹೋಗುತ್ತದೆ.

ಮಾಲೀಕರಾದ ನಾವೂ ಕೆಲವು ಚಟಗಳನ್ನು ಬಿಡಬೇಕು. 121ನೇ ನಿಯಮದ ಪ್ರಕಾರ ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಸೇನೆಯ ಲಾರಿಗೆ ಸೇನೆಯ ಬಣ್ಣವೇ ಚೆಂದವೆಂದು ವಾದಿಸುವವರ ಭಾವನೆ ಅರ್ಥವಾಗುತ್ತದೆ, ಆದರೆ ನಾಕಾಬಂದಿಯಲ್ಲಿ ನಿಂತ ಪೊಲೀಸನಿಗೆ ಅಸಲಿ ಸೇನಾ ವಾಹನ ಯಾವುದೆಂದು ದೂರದಿಂದಲೇ ತಿಳಿಯಬೇಕಾದ ಅಗತ್ಯ ಆ ಭಾವನೆಗಿಂತ ದೊಡ್ಡದು. ಮರಳು ಬಣ್ಣ, ಬೂದು ಬಣ್ಣ, ನೀಲಿ ಯಾವುದಾದರೂ ಆಗಲಿ. ಬಣ್ಣ ಬಳಿಯುವಾಗ ಕ್ಯಾಬಿನ್ನಿನೊಳಗೆ ರಿವೆಟ್ ಹೊಡೆದ ಮಾಹಿತಿ ಫಲಕವನ್ನು ಕಿತ್ತೆಸೆಯದಿರಲಿ, ಗಾಡಿ ಹುಟ್ಟಿದ ವರ್ಷಕ್ಕೆ ಉಳಿದಿರುವ ಗಟ್ಟಿ ಸಾಕ್ಷ್ಯ ಅದು. ಹಿಂದಿನ ಹೌಸಿಂಗ್‌ಗೆ ಬಳಿದ ಬಿಳಿ ಬಣ್ಣ ಮತ್ತು ಅದರ ಮೇಲೆ ಬೆಳಕು ಚೆಲ್ಲುವ ಪುಟ್ಟ ದೀಪವನ್ನೂ ಉಳಿಸಿಕೊಳ್ಳಬೇಕು. ರಾತ್ರಿಯ ಸಾಲಿನಲ್ಲಿ ಹೆಡ್‌ಲೈಟ್ ಹಾಕದೆ ಸಾಗುವಾಗ ಹಿಂದಿನ ಲಾರಿಯವನಿಗೆ ದಾರಿಗುರುತಾಗಿದ್ದದ್ದು ಆ ಬಿಳಿ ಉಂಡೆಯೇ. ಮೈಲೇಜಿನ ಆಸೆಗೆ ಪೆಟ್ರೋಲ್ ಎಂಜಿನ್ ಕಿತ್ತು ಯಾವುದೋ ಡೀಸೆಲ್ ಎಂಜಿನ್ ಕೂರಿಸುವವರು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಓದಿಕೊಳ್ಳಬೇಕು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗುವ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಎಂಜಿನ್ ಬದಲಾದ ಗಾಡಿಗೆ ನಾಳೆ ವಿಂಟೇಜ್ ಮಾನ್ಯತೆ ಕೇಳುವ ನೈತಿಕ ಹಕ್ಕೂ ಉಳಿಯದು.

ನಮ್ಮ ಬಳಗದ ಕೆಲವರು ಈ ಲಾರಿಗಳು ನೆರೆ, ಭೂಕುಸಿತದ ಸಮಯದಲ್ಲಿ ರಕ್ಷಣೆಗೆ ಒದಗುತ್ತವೆ, ಆದ್ದರಿಂದ ಸರಕಾರ ರಿಯಾಯಿತಿ ಕೊಡಬೇಕು ಎಂದು ವಾದಿಸುತ್ತಾರೆ. 2018ರ ಆಗಸ್ಟಿನಲ್ಲಿ ಸಂಪಾಜೆ ಘಾಟಿ ಕುಸಿದದ್ದು, 2024ರ ಜುಲೈಯಲ್ಲಿ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿದ್ದು ಎಲ್ಲರಿಗೂ ನೆನಪಿದೆ. ವಿಪತ್ತು ನಿರ್ವಹಣೆಯ 2005ರ ಕಾಯ್ದೆಯ 65ನೇ ಕಲಮಿನಡಿ ಆಡಳಿತ ಖಾಸಗಿ ವಾಹನಗಳನ್ನು ವಶಕ್ಕೆ ಪಡೆದು ಬಳಸಲೂಬಹುದು. ಆದರೂ ಈ ವಾದಕ್ಕೆ ನಾನು ದನಿಗೂಡಿಸಲಾರೆ. ನಡುದಾರಿಯಲ್ಲಿ ಡಯಾಫ್ರಾಮ್ ಹರಿದು ನಿಲ್ಲಬಹುದಾದ ಅರ್ಧ ಶತಮಾನದ ಗಾಡಿಯನ್ನು ನಂಬಿ ಯಾರ ಜೀವವನ್ನೂ ಒತ್ತೆಯಿಡಬಾರದು, ಅದಕ್ಕೆ ಅಗ್ನಿಶಾಮಕ ದಳಕ್ಕೆ ಹೊಸ ಗಾಡಿ ಬೇಕು. ಹಳೆಯ ಲಾರಿಯನ್ನು ಉಳಿಸಲು ಅದು ಹಳೆಯದು, ಅಪರೂಪದ್ದು, ಕಲಿಯುವವರಿಗೆ ಬಿಚ್ಚಿ ತೋರಿಸಬಹುದಾದದ್ದು ಎಂಬ ಕಾರಣವೇ ಸಾಕಾಗಬೇಕು. ನಮ್ಮ ಐಟಿಐ, ಪಾಲಿಟೆಕ್ನಿಕ್‌ಗಳ ವಿದ್ಯಾರ್ಥಿಗಳಿಗೆ ಟ್ರಾನ್ಸ್‌ಫರ್ ಪೆಟ್ಟಿಗೆಯನ್ನು ಕಣ್ಣಾರೆ ನೋಡಲು ಸಿಗುವುದು ಇನ್ನೆಲ್ಲಿ?

ಆದ್ದರಿಂದ ರಾಜ್ಯದ ಸಾರಿಗೆ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು. 81ಎ ನಿಯಮದ ವ್ಯಾಪ್ತಿಗೆ, ಬಾಡಿಗೆಗೆ ಬಳಸುವುದಿಲ್ಲವೆಂದು ಮಾಲೀಕರು ಪ್ರಮಾಣಪತ್ರ ಕೊಟ್ಟ ಹಳೆಯ ಸರಕು ವಾಹನಗಳನ್ನೂ ಸೇರಿಸುವಂತೆ ಕೇಂದ್ರ ಸಾರಿಗೆ ಸಚಿವಾಲಯಕ್ಕೆ ಶಿಫಾರಸು ಮಾಡಬೇಕು. ಭಾರ ಹೊರುವ ಹಕ್ಕು ನಮಗೆ ಬೇಡ, ಖಾಲಿ ಲಾರಿಯನ್ನು ರಸ್ತೆಗಿಳಿಸುವ ಅನುಮತಿಯಷ್ಟೇ ಸಾಕು. ಬ್ರೇಕು, ಸ್ಟಿಯರಿಂಗು, ಟಯರುಗಳ ತಪಾಸಣೆಯನ್ನು ಸಡಿಲಿಸಬೇಕೆಂದೂ ಕೇಳುತ್ತಿಲ್ಲ, ಅದು ಇನ್ನಷ್ಟು ಬಿಗಿಯಾದರೂ ಸರಿಯೇ. ಇದರ ಜೊತೆಗೆ, ಸೇನೆಯಿಂದ ಬಂದ ವಾಹನಗಳ ಮಟ್ಟಿಗೆ 50 ವರ್ಷದ ಲೆಕ್ಕವನ್ನು ಆರ್‌ಟಿಒ ನೋಂದಣಿಯ ದಿನದಿಂದಲ್ಲದೆ ತಯಾರಿಕೆಯ ವರ್ಷದಿಂದ ಎಣಿಸಬೇಕು. 1970ರಲ್ಲಿ ತಯಾರಾಗಿ, ಎರಡು ದಶಕ ಸೇನೆಯಲ್ಲಿ ದುಡಿದು, 1990ರಲ್ಲಿ ಹರಾಜಾದ ಗಾಡಿ ಆರ್‌ಟಿಒ ನೋಂದಣಿಯ ಲೆಕ್ಕದಲ್ಲಿ 2040ರವರೆಗೆ ಕಾಯಬೇಕಾಗುತ್ತದೆ, ನಮ್ಮ ಹವೆಯಲ್ಲಿ ಅದು ಅಷ್ಟು ಕಾಲ ಕಾಯಲಾರದು. ತಿದ್ದುಪಡಿಯ ಕರಡು ಪ್ರಕಟವಾದಾಗ ಆಕ್ಷೇಪ, ಸಲಹೆಗಳಿಗೆ ಅವಕಾಶ ಸಿಗುತ್ತದೆ. ಕಳೆದ ವಾರ ಪತ್ರ ಬರೆದ ಓದುಗರೂ ಆಗ ತಮ್ಮ ಆಕ್ಷೇಪವನ್ನು ಅಲ್ಲಿಗೆ ಕಳುಹಿಸಬಹುದು, ನಾನೂ ಕಳುಹಿಸುತ್ತೇನೆ. ಅಷ್ಟರವರೆಗೆ ಜಿಲ್ಲೆಯ ಅಧಿಕಾರಿಗಳು ರಸ್ತೆಬದಿಯಲ್ಲಿ ಬಿಟ್ಟ ಗಾಡಿಗಳನ್ನು ನಿಸ್ಸಂಕೋಚವಾಗಿ ಎಳೆದೊಯ್ಯಲಿ, ಫಾರಂ 21 ಮತ್ತು ಆರ್‌ಸಿ ಇರುವ, ಮಾಡಿನಡಿ ನಿಂತ ಲಾರಿಗಳ ತಂಟೆಗೆ ಬಾರದಿರಲಿ.

ಇತಿ,
ಹಳೆಯ ಲಾರಿಯೊಂದರ ಮಾಲೀಕ,
ಬ್ರಹ್ಮಾವರ, ಉಡುಪಿ ಜಿಲ್ಲೆ